ಪಾಕ್ ವಾರ್ಸಿತೊ ಕೈಕಟ್ಟಿ ಕೂತ ಹತ್ತು ದಿನ

ಜೋಗ್ಜಾ ಊರಿನ ಆ ಗಲ್ಲಿಯಲ್ಲಿ ಯಾವ ಮಗು ಅನ್ನ ಬೇಡವೆಂದು ಹಟ ಹಿಡಿದರೂ ತಾಯಂದಿರು ಅದನ್ನು ಸೊಂಟಕ್ಕೇರಿಸಿಕೊಂಡು ಬರುತ್ತಿದ್ದದ್ದು ಎಲ್ಲರೂ ಗೌರವಕ್ಕೆ ಪಾಕ್, ಅಂದರೆ ಅಪ್ಪ, ಎನ್ನುವ ವಾರ್ಸಿತೊ ಅವರ ಬಾಗಿಲಿಗೆ. ಏಳನೆಯ ವಯಸ್ಸಿನಲ್ಲಿ ದಡಾರ ಬಂದು ಕಣ್ಣು ಹೋದ ಮೇಲೆ ಅವರ ಪಾಲಿಗೆ ಲೋಕ ಉಳಿದದ್ದು ಬೆರಳುಗಳಲ್ಲಿ. ಮೂವತ್ತಾರು ವರ್ಷದಿಂದ ಮೈ ನೀವುವ ಕಸುಬು. ಲವಂಗ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚಿ, ಹೊಕ್ಕುಳ ಸುತ್ತ ಹೆಬ್ಬೆರಳಾಡಿಸಿ, ಬೆನ್ನು ನೀವಿ ಕಳಿಸಿದರೆ ಸಂಜೆಗೆ ಆ ಮಗು ತಟ್ಟೆ ಬಡಿದು ಅನ್ನ ಕೇಳುತ್ತಿತ್ತಂತೆ. ತಾಯಂದಿರೇ ಹಾಗೆ ಹೇಳುವಾಗ ಅಲ್ಲಗಳೆಯುವ ಧೈರ್ಯ ಯಾರಿಗಿದೆ? ಕೈಗುಣ ಅಂದರೆ ವಾರ್ಸಿತೊ ಅವರದು ಎಂದು ಗಲ್ಲಿಗೆ ಗಲ್ಲಿಯೇ ನಂಬಿತ್ತು.

ಅಂಥವರ ಮನೆಯಲ್ಲೇ ಈಗ ಒಂದು ಮರಿ ಐದು ವಾರದಿಂದ ಉಪವಾಸ ಕೂತಿತ್ತು. ಮನುಷ್ಯರ ಮರಿಯಲ್ಲ, ಹೆಬ್ಬಾವಿನದು.

ಅದನ್ನು ತಂದವನು ಗಿಯಾಂತೊ. ಹಕ್ಕಿ, ಹಾವು, ಮೊಲ ಮಾರುವ ಸಂತೆಯಲ್ಲಿ ಅವನದೊಂದು ಪುಟ್ಟ ಅಂಗಡಿ. ಒಂದು ದಿನ ಕತ್ತು ಉಳುಕಿಸಿಕೊಂಡು ಬಂದವನ ಕಂಕುಳಲ್ಲಿ ಡಬ್ಬಿಯೊಂದಿತ್ತು. ಅದರಲ್ಲೇನಿದೆ ಎಂದು ಕೇಳಿ, ಹೆದರದೆ ಕೈಯಿಟ್ಟು, ತಲೆಯಿಂದ ಬಾಲದವರೆಗೆ ಬೆರಳು ಹಾಯಿಸಿದ ವಾರ್ಸಿತೊ ಮತ್ತೆ ತಲೆಗೆ ಬಂದರು, ಮತ್ತೆ ಬಾಲಕ್ಕೆ ಹೋದರು. ಗಿಯಾಂತೊನ ಕತ್ತು ಅಲ್ಲೇ ಸೊಟ್ಟಗೆ ಕಾಯುತ್ತಿತ್ತು.

"ಇಷ್ಟ್ ವರ್ಷದಲ್ಲಿ ಗಂಟೇ ಇಲ್ದಿರೋ ಬೆನ್ನು ಮುಟ್ಟಿದ್ದು ಇದೇ ಮೊದ್ಲು ಕಣೋ, ತಮ್ಮಾ," ಎಂದರು.

ಕತ್ತು ನೆಟ್ಟಗಾದ ಖುಷಿಗೆ ಗಿಯಾಂತೊ ಮರಿಯನ್ನು ಅಲ್ಲೇ ಬಿಟ್ಟುಹೋದ. ವಾರ್ಸಿತೊ ಅದಕ್ಕೆ ಗೆಂಡಿಸ್ ಎಂದು ಹೆಸರಿಟ್ಟರು, ಸಕ್ಕರೆ ಎಂದು. ಮನೆಮುಂದೆ ಸೋಯಾ ಕಾಳಿನ ತೆಂಪೆ ಬಿಲ್ಲೆ ಕರಿದು ಮಾರುವ, ಎಲ್ಲರೂ ಬು, ಅಂದರೆ ಅಮ್ಮ, ಎನ್ನುವ ಹೆಂಡತಿ ಲಾಸ್ಮಿ ಜಾಲರಿ ಸೌಟು ಹಿಡಿದುಕೊಂಡೇ ಒಳಗೆ ಬಂದು, ಸಕ್ಕರೆಯೋ ಬೆಲ್ಲವೋ, ಆ ಡಬ್ಬಿಯೊಳಗೆ ತಾನು ಇಣುಕುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಸಾರಿ ಹೋದರು. ಮನೆಯಲ್ಲಿ ಕಣ್ಣಿದ್ದದ್ದು ಅವರೊಬ್ಬರಿಗೇ, ಅವರೂ ನೋಡುವುದಿಲ್ಲ ಎಂದ ಮೇಲೆ ಮರಿಯ ಯೋಗಕ್ಷೇಮ ಪೂರ್ತಿ ವಾರ್ಸಿತೊ ಅವರ ಬೆರಳಿಗೇ ಬಿತ್ತು.

ಗಿಯಾಂತೊ ವಾರಕ್ಕೊಂದು ಸತ್ತ ಇಲಿಮರಿ ತಂದುಕೊಡುತ್ತಿದ್ದ. ಅವನ ಅಂಗಡಿಯಲ್ಲಿದ್ದಾಗ ಎರಡು ಸಲ ಗುಳುಂ ಮಾಡಿದ್ದ ಗೆಂಡಿಸ್ ಇಲ್ಲಿ ಮೂತಿಯನ್ನೂ ತಾಗಿಸಲಿಲ್ಲ. ಒಂದು ವಾರ ಹೋಯಿತು, ಎರಡು ಹೋಯಿತು. ವಾರ್ಸಿತೊ ತಮಗೆ ಗೊತ್ತಿದ್ದ ಮದ್ದನ್ನೇ ಮಾಡಿದರು. ಹಸಿವಾಗದ ಮಕ್ಕಳಿಗೆ ಮಾಡುವಂತೆ ಮಡಿಲಲ್ಲಿ ಹಾಕಿಕೊಂಡು, ಎಣ್ಣೆ ಸವರಿ, ಹೊಟ್ಟೆಯನ್ನು ಹೂವಿನಂತೆ ನೀವಿದರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ನಮಾಜು ಮುಗಿಸಿ ಇನ್ನೊಮ್ಮೆ. ತಿನ್ನದಿದ್ದಷ್ಟೂ ನೀವುವುದು ಹೆಚ್ಚಾಯಿತು.

"ನಂಗೆ ಸೊಂಟ ನೋವು ಅಂದು ಎರಡು ತಿಂಗ್ಳಾಯ್ತು," ಎಂದರು ಲಾಸ್ಮಿ. "ಹಾವಿಗೆ ದಿನಕ್ಕೆ ಮೂರ್ ಹೊತ್ತು ಸೇವೆ. ಮುಂದಿನ ಜನ್ಮಕ್ಕೆ ನಾನೂ ತೆವಳ್ಕೊಂಡೇ ಬರ್ತೀನಿ ಬಿಡಿ."

ವಾರ್ಸಿತೊ ನಕ್ಕರು, ಆದರೆ ಎದೆಯಲ್ಲಿ ನಗುವಿರಲಿಲ್ಲ. ಗಂಟಿಲ್ಲದ ಆ ಬೆನ್ನಿನಲ್ಲಿ ಈಗ ಮೂಳೆಯ ಏಣು ಬೆರಳಿಗೆ ಸಿಗುತ್ತಿತ್ತು.

ಐದನೆಯ ವಾರ ಗಿಯಾಂತೊ ಬಂದಾಗ ಮರಿಯನ್ನೆತ್ತಿ ನೋಡಿ, ಮೂಸಿದ. ಎಷ್ಟು ಹೊತ್ತಿಗೆ ಎತ್ತಿಕೊಳ್ಳುತ್ತೀರಿ, ಏನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿದ. ವಾರ್ಸಿತೊ ಹೆಮ್ಮೆಯಿಂದಲೇ ಎಲ್ಲ ಹೇಳಿದರು.

"ಪಾಕ್, ಬೇಜಾರ್ ಮಾಡ್ಕೋಬೇಡಿ," ಎಂದ. "ಮುಟ್ಟಿದ್ರೆ ಮಕ್ಕಳು ತಿಂತವೆ. ಇದನ್ನ ಮುಟ್ಟಿದ್ರೆ ಇದು ತಿನ್ನಲ್ಲ. ದಿನಾ ಮೂರ್ ಸಲ ಯಾರೋ ತನ್ನ ಹಿಡಿದ್ರು ಅಂತ ಹೆದ್ರಿಕೊಂಡು ಕೂತಿದೆ. ಮೈಯೆಲ್ಲಾ ಲವಂಗ ಬೇರೆ, ಇಲಿ ವಾಸನೆನೇ ಹತ್ತಲ್ಲ. ನಿಮ್ ಕೈನೇ ಇದನ್ನ ಸಾಯಿಸ್ತಿದೆ."

ಮೂವತ್ತಾರು ವರ್ಷದಲ್ಲಿ ಆ ಕೈಗೆ ಅಂಥ ಮಾತು ಯಾರೂ ಆಡಿರಲಿಲ್ಲ. ವಾರ್ಸಿತೊ ತಮ್ಮ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ, ತೊಡೆಯ ಮೇಲಿಟ್ಟುಕೊಂಡರು. ತುಂಬ ನೋವಾಗಿತ್ತು.

ಗಿಯಾಂತೊ ಮರಿಯ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಡಗಲು ಬಾಯಿ ಒಡೆದ ಕುಡಿಕೆಯೊಂದನ್ನು ಬೋರಲು ಹಾಕಿ, ನೀರಿಟ್ಟು, ಡಬ್ಬಿಯನ್ನು ಮೂಲೆಗೆ ಸರಿಸಿದ. ಅಂದು ವಾಗೆ ಸಂತೆ. ಐದು ದಿನಕ್ಕೊಮ್ಮೆ ಬರುವ ಆ ಸಂತೆ ಇನ್ನೆರಡು ಸಲ ಬರುವವರೆಗೆ ಕೈ ತಾಗಿಸುವಂತಿಲ್ಲ. ಆಮೇಲೆ ಒಂದು ಇಲಿ ಇಟ್ಟು ನೋಡುವುದು. ಆಗಲೂ ತಿನ್ನದಿದ್ದರೆ ಇಷ್ಟು ಸಣ್ಣ ಮರಿ ಉಳಿಯುವುದು ಕಷ್ಟ ಎಂದು ಹೇಳಿಯೇ ಹೋದ.

ಹತ್ತು ದಿನ ಮುಟ್ಟದಿರುವುದೆಂದರೆ ವಾರ್ಸಿತೊ ಅವರಿಗೆ ಹತ್ತು ದಿನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಗಿರಾಕಿಗಳ ನಡುವೆ ಬಿಡುವಾದಾಗಲೆಲ್ಲ ಡಬ್ಬಿಯ ಪಕ್ಕ ಚಾಪೆಯಲ್ಲಿ ಕೂರುತ್ತಿದ್ದರು. ಒಳಗೆ ಹಾಸಿದ ಪೇಪರು ಸರಬರ ಎಂದರೆ ಸಮಾಧಾನ. ಕೈ ತಾನಾಗಿ ಮುಚ್ಚಳದತ್ತ ಹೋಗುತ್ತಿತ್ತು. ಅದನ್ನು ಕಂಡ ಲಾಸ್ಮಿ ಒಂದು ಬುಟ್ಟಿ ನೆಲಗಡಲೆ ತಂದು ಮುಂದಿಟ್ಟು, ಕೈ ಸುಮ್ಮನಿರದಿದ್ದರೆ ಇದನ್ನಾದರೂ ಬಿಡಿಸಲಿ ಎಂದರು. ಮೂರು ದಿನದಲ್ಲಿ ಬುಟ್ಟಿ ಬರಿದಾಯಿತು.

ಆರನೆಯ ದಿನ ಪೇಪರು ಸದ್ದು ಮಾಡಲಿಲ್ಲ. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ. ಸೊಂಟ ಹಿಡಿದು ಬಂದ ಗಾಡಿಯವನನ್ನು ವಾರ್ಸಿತೊ ನಾಳೆ ಬಾ ಎಂದು ವಾಪಸು ಕಳಿಸಿದರು. ಅದು ಸತ್ತೇಹೋಯಿತು ಎಂದೇ ಅವರಿಗೆ ಅನಿಸಿತ್ತು. ಮುಚ್ಚಳದ ಮೇಲೆ ಕೈಯಿಟ್ಟವರು ಎಷ್ಟೋ ಹೊತ್ತು ಎತ್ತಲೂ ಇಲ್ಲ, ಕೈ ತೆಗೆಯಲೂ ಇಲ್ಲ.

"ಬು," ಎಂದು ಕರೆದರು. "ನಂಗೆ ನೋಡೋದು ಅಂದ್ರೆ ಮುಟ್ಟೋದೇ. ಮುಟ್ಟೋ ಹಾಗಿಲ್ಲ. ನೀನೊಂದ್ಸಲ ನೋಡೇ."

ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಲಾಸ್ಮಿ ಉರಿ ಆರಿಸಿ ಬಂದು, ಗಂಡನ ಭುಜವನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಮುಚ್ಚಳವನ್ನು ಬೆರಳಗಲ ಸರಿಸಿದರು. ಆಕೆಯ ಉಗುರು ಭುಜಕ್ಕೆ ಒತ್ತಿದ್ದು ವಾರ್ಸಿತೊ ಅವರಿಗೆ ತಿಳಿಯುತ್ತಿತ್ತು.

"ಕುಡಿಕೆಯೊಳ್ಗಿದೆ. ಮೂತಿ ಮಾತ್ರ ಆಚೆ ಇಟ್ಟಿದೆ. ನಾಲ್ಗೆ ಆಡಿಸ್ತಾ ನನ್ನೇ ನೋಡ್ತಿದೆ, ಹಾಳಾದ್ದು."

ವಾರ್ಸಿತೊ ಉಸಿರುಬಿಟ್ಟರು. ಅಂದಿನಿಂದ ಬೆಳಿಗ್ಗೆಯೂ ಸಂಜೆಯೂ ಬೈದುಕೊಂಡೇ ಇಣುಕಿ, ಬೈದುಕೊಂಡೇ ವರದಿ ಒಪ್ಪಿಸುವುದು ಲಾಸ್ಮಿಯವರ ಕೆಲಸವಾಯಿತು. ಯಾರೂ ಹೇಳಿರಲಿಲ್ಲ, ಅವರೇ ಶುರುಮಾಡಿದ್ದು.

ಎರಡನೆಯ ವಾಗೆ ಸಂತೆಯ ದಿನ ಮೂರು ಗಂಟೆಯ ಹೊತ್ತಿಗೆ ಗಿಯಾಂತೊ ಬಂದು, ಬಿಸಿನೀರಲ್ಲಿ ಬೆಚ್ಚಗಾಗಿಸಿದ ಇಲಿಮರಿಯನ್ನು ಬಿದಿರಿನ ಚಿಮಟದಲ್ಲಿ ಹಿಡಿದು ಕುಡಿಕೆಯ ಬಾಯಿಗಿಟ್ಟು, ಡಬ್ಬಿಗೆ ಬಟ್ಟೆ ಮುಚ್ಚಿ ಹೋದ. ಅಂದು ವಾರ್ಸಿತೊ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನೂ ಮರೆತರು. ಸಂಜೆಯ ನಮಾಜಾದ ಮೇಲೆ ಲಾಸ್ಮಿ ಈ ಸಲ ಭುಜ ಹಿಡಿಯದೆ ತಾವೇ ಹೋಗಿ ಬಟ್ಟೆ ಸರಿಸಿದರು. ಬಗ್ಗಿ ಇಣುಕಿದರು.

"ಹೇಳೇ," ಎಂದರು ವಾರ್ಸಿತೊ.

"ಇಲಿ ಇಲ್ಲ. ಹೊಟ್ಟೆ ಉಬ್ಬಿದೆ."

ಸರಕ್ಕನೆ ಮುಂದಾದ ಕೈಯನ್ನು ವಾರ್ಸಿತೊ ಅರ್ಧದಲ್ಲೇ ತಡೆದು ಹಿಂದಕ್ಕೆಳೆದುಕೊಂಡರು. ಉಂಡ ಮರಿಯನ್ನು ಎರಡು ದಿನ ಅಲುಗಿಸಬಾರದು, ಕಕ್ಕಿಬಿಡುತ್ತದೆ ಎಂದು ಗಿಯಾಂತೊ ಹೇಳಿಹೋಗಿದ್ದ. ವಾರ್ಸಿತೊ ಅವರ ಕಣ್ಣಲ್ಲಿ ನೀರು ಬಂದಿತ್ತು.

"ಎಷ್ಟು ಉಬ್ಬಿದೆ? ಎಲ್ಲಿ?"

ಮಾತಿನಲ್ಲಿ ಹೇಳಹೊರಟ ಲಾಸ್ಮಿ ಅದನ್ನು ಅಲ್ಲಿಗೇ ನಿಲ್ಲಿಸಿದರು. ಪಕ್ಕದಲ್ಲಿ ಕೂತು, ಗಂಡನ ಮುಂಗೈಯನ್ನು ತಮ್ಮ ಮಡಿಲಿಗೆಳೆದುಕೊಂಡರು. ಮಣಿಕಟ್ಟಿನ ಮೇಲೆ ಬೆರಳಿಟ್ಟು, ಇದು ತಲೆ ಎಂದರು. ಅಲ್ಲಿಂದ ನಿಧಾನವಾಗಿ ಎಳೆದು, ಒಂದು ಸುತ್ತು ಸುತ್ತಿಸಿ, ಮುಂಗೈಯ ನಡುವೆ ಹೆಬ್ಬೆರಳನ್ನು ಮೆತ್ತಗೆ ಊರಿ, ಉಬ್ಬು ಇಲ್ಲಿ, ಇಷ್ಟೇ ದಪ್ಪ ಎಂದರು. ಬಾಲ ಮೊಣಕೈಯ ಹತ್ತಿರ ಮುಗಿಯಿತು. ಲೋಕದ ಬೆನ್ನನ್ನೆಲ್ಲ ಮುಟ್ಟಿದ ಆ ಮನುಷ್ಯನ ಕೈಯನ್ನು ಹೀಗೆ ಬಿಡುವಾಗಿ ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ.

"ನಂಗೆ ಸರಿಯಾಗಿ ಕಾಣ್ಲಿಲ್ಲ," ಎಂದರು ವಾರ್ಸಿತೊ, ಕೈ ತೆಗೆಯದೆ. "ಇನ್ನೊಂದ್ಸಲ ತಲೆಯಿಂದ ತೋರ್ಸು."