ಮಂಚದಡಿಯ ಆಂಟೆನಾ

ನನ್ನ ಗಂಡ ಮುಂದೋ ನಮ್ಮ ದ್ವೀಪದ ನಡುವಿನ ಅಡ್ಹುಂತಾಸ್‌ನ ಗುಡ್ಡದ ರಸ್ತೆಗಳಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ಮಾತು ಕಡಿಮೆ. ಆದರೆ ಜೀಪಿನಲ್ಲಿ ಕೂತು ಹವ್ಯಾಸಿ ರೇಡಿಯೋದ ಮೈಕು ಹಿಡಿದನೆಂದರೆ ಮುಗಿಯಿತು, ದ್ವೀಪದ ಮೂಲೆಮೂಲೆಯವರ ಜೊತೆ ಗಂಟೆಗಟ್ಟಲೆ ಹರಟೆ. ನನ್ನ ಹತ್ತಿರ ಆಡದ ಮಾತನ್ನೆಲ್ಲ ಗಾಳಿಗೆ ಆಡುತ್ತಾನಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ಆ ಆಗಸ್ಟ್‌ನಲ್ಲಿ ಹಳೇ ರೇಡಿಯೋ ಕಿತ್ತು ಹೊಸದನ್ನು ಕೂರಿಸಿದ. ಹಳೆಯದು ಕರಾವಳಿಯ ಪೋನ್ಸೆ ಪಟ್ಟಣದಲ್ಲಿರುವ ನನ್ನ ಮೈದುನ ಎಲಾದಿಯೊಗೆ ಹೋಯಿತು. ತೊಂಬತ್ತೊಂದು ವರ್ಷದ ನಮ್ಮತ್ತೆ ಇರುವುದೂ ಅವನ ಮನೆಯಲ್ಲೇ. ಹೊಸದಕ್ಕೆ ಐದು ಪಟ್ಟು ಹೆಚ್ಚು ಶಕ್ತಿಯಂತೆ! ಮೂರು ದಿನ ಜೀಪಿನೊಳಗೆ ತಲೆ ತೂರಿಸಿ ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದ, ಚಾವಣಿಯ ಬಣ್ಣ ಕೆರೆದು ಆಂಟೆನಾದ ಬುಡ ಬಿಗಿದ.

"ಇಷ್ಟೇ ಪ್ರೀತಿಯಿಂದ ಅಡುಗೆಮನೆ ನಲ್ಲಿ ರಿಪೇರಿ ಮಾಡಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಎಂದೆ.

"ನಲ್ಲಿ ಸೋರಿದ್ರೆ ಕೆಳಗೆ ಪಾತ್ರೆ ಇಡಬಹುದು, ನೆರೀದಾ. ಬಿರುಗಾಳಿಗೆ ಫೋನ್ ಸತ್ತೋದ್ರೆ ಏನಿಡ್ತೀಯ?"

ಸೆಪ್ಟೆಂಬರ್‌ನಲ್ಲಿ ಬಿರುಗಾಳಿ ಬರುತ್ತದೆಂದು ಸಾರಿದರು. ಹಾಗೆ ಸಾರಿದರೆ ನಮ್ಮಲ್ಲಿ ಹಾರುವಂಥದ್ದೆಲ್ಲ ಒಳಗೆ ಬರಬೇಕು: ಕುರ್ಚಿ, ಹೂಕುಂಡ, ಕೋಳಿಗೂಡು. ಮುಂದೋ ಕಿಟಕಿಗಳಿಗೆ ಹಲಗೆ ಹೊಡೆಯುತ್ತಿದ್ದ. ಜೀಪಿನ ಮೇಲೆ ತೊನೆದಾಡುವ ಆಂಟೆನಾ ಕಂಡಿತು. ತಿರುಪಿ ಬಿಚ್ಚಿ, ಹೂಕುಂಡಗಳ ಜೊತೆ ಮಂಚದಡಿ ಸೇರಿಸಿದೆ. ಎಂಥ ಜಾಣೆ ನಾನು! ಆ ಗಡಿಬಿಡಿಯಲ್ಲಿ ಅವನಿಗೆ ಹೇಳಲು ಮರೆತೆ.

ಸಂಜೆ ರೇಡಿಯೋದವರೆಲ್ಲ ಒಬ್ಬೊಬ್ಬರಾಗಿ ಹೆಸರು ಹೇಳುವ ಹಾಜರಿ. ಮಳೆಯಲ್ಲೇ ಓಡಿಹೋಗಿ ಜೀಪಿನಲ್ಲಿ ಕೂತ ಮುಂದೋ ಮೈಕಿನ ಗುಂಡಿ ಒತ್ತಿ ಹೆಸರು, ಊರು ಎಲ್ಲ ಹೇಳಿದ. ಯಾರೂ ಓಗೊಡಲಿಲ್ಲ. ಮತ್ತೆ ಮತ್ತೆ ಒತ್ತಿದ. ಆಮೇಲೆ ಇಳಿದು ಚಾವಣಿ ನೋಡಿದ.

"ಆಂಟೆನಾ ಎಲ್ಲಿ?"

"ಮಂಚದಡಿ ಇದೆ. ಹಾರೋಗ್ಬಾರ್ದಲ್ಲ!"

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ಆಂಟೆನಾ ಇಲ್ದೆ ಒತ್ತಿದ್ರೆ ಶಕ್ತಿ ಹೊರಗೆ ಹೋಗಲ್ಲ ಕಣೇ. ಒಳಗೇ ತಿರುಗಿ ಸುಟ್ಟುಬಿಡುತ್ತೆ. ಇನ್ನು ಇದಕ್ಕೆ ಕಿವಿ ಇದೆ, ಬಾಯಿಲ್ಲ."

ಬೈಯಲಿಲ್ಲ. ಬೈದಿದ್ದರೆ ನನ್ನ ಸಂಕಟ ಎಷ್ಟೋ ಕಡಿಮೆಯಾಗುತ್ತಿತ್ತು.

ಬಿರುಗಾಳಿ ನಮ್ಮ ಅರ್ಧ ಸೂರು ಹೊತ್ತೊಯ್ದಿತು. ಸೇತುವೆ ಹೋಯಿತು, ಗುಡ್ಡ ಜರಿದು ರಸ್ತೆ ಮುಚ್ಚಿತು, ಫೋನು ಸತ್ತಿತು. ಆಂಟೆನಾ ಮತ್ತೆ ತಿರುಪಿ ಹಾಕಿ ದಿನಾ ಮಧ್ಯಾಹ್ನ ಇಬ್ಬರೂ ಜೀಪಿನಲ್ಲಿ ಕೂರುತ್ತಿದ್ದೆವು. ಹಳೇ ರೇಡಿಯೋದಿಂದ ಎಲಾದಿಯೊ ಕೂಗುತ್ತಿದ್ದ: "ಅಣ್ಣಾ, ಕೇಳಿಸ್ತಿದ್ಯಾ? ಅಮ್ಮ ಅನ್ನ ಬಿಟ್ಟಿದಾಳೆ. ಏನಾದ್ರೂ ಹೇಳೋ."

ನಾವು ಬದುಕಿದ್ದೇವೆ ಎಂಬ ಒಂದು ಮಾತು ಪೋನ್ಸೆಗೆ ಮುಟ್ಟಿದ್ದರೆ ಸಾಕಿತ್ತು. ಮುಟ್ಟಿಸಲು ದಾರಿಯೇ ಇರಲಿಲ್ಲ.

ತೀರಿಕೊಂಡ ಗೆಳೆಯನನ್ನು ಈ ರೇಡಿಯೋದವರು ಮೂರು ಸಲ ಹೆಸರು ಹಿಡಿದು ಕರೆದು, ಆಮೇಲೆ ಒಂದು ನಿಮಿಷ ಎಲ್ಲರೂ ಸುಮ್ಮನಿರುತ್ತಾರೆ. ಆರನೇ ದಿನ ಎಲಾದಿಯೊ ಮುಂದೋನನ್ನು ಹಾಗೆ ಕರೆಯತೊಡಗಿದ. ಒಂದು ಸಲ. ಎರಡನೇ ಸಲ ಅಳು ಬಂದು ತಡವರಿಸಿದ. ಮೂರನೆಯದು ಬರುವ ಮೊದಲೇ ಏನೋ ಕಿತ್ತಾಟ ಕೇಳಿಸಿತು, ಹಿಂದೆಯೇ ನಮ್ಮತ್ತೆಯ ದನಿ.

"ಕೊಡೋ ಇಲ್ಲಿ! ಬದುಕಿರೋನ್ನ ಯಾಕೋ ಹಂಗೆ ಕರೀತೀಯ, ಬಾಯಿಗೆ ಮಣ್ಣು ಹಾಕ! ಮುಂದೋ, ಊಟ ಆಯ್ತೇನಪ್ಪಾ? ಅದೇನೋ ಗುಂಡಿ ಒತ್ತಬೇಕಂತಲ್ಲ, ಒತ್ತಿ ಹೇಳು ಮಗನೇ. ನಾನು ಕಾಯ್ತೀನಿ."

ಮುಂದೋ ಗುಂಡಿ ಒತ್ತಿದ. ಕೆಂಪು ದೀಪವೇನೋ ಹತ್ತಿತು. "ಆಯ್ತಮ್ಮಾ. ನೆರೀದಾ ಬಾಳೆಕಾಯಿ ಬೇಯಿಸಿದ್ಲು. ಇಬ್ರೂ ಚೆನ್ನಾಗಿದೀವಿ," ಎಂದು ಹೇಳಿ ಕೈ ತೆಗೆದ.

ಅತ್ತೆಗೆ ಕಿವಿ ಮಂದ. "ಎಲಾದಿಯೊ, ಮುಂದೋ ಏನಂದ? ನಂಗೆ ಸರಿಯಾಗಿ ಕೇಳಿಸಲ್ಲ. ಏನಂದ ಹೇಳೋ," ಎನ್ನುತ್ತಿದ್ದರು. ಅಲ್ಲಿ ಮೈಕಿನ ಗುಂಡಿ ಒತ್ತಿಕೊಂಡೇ ಇದ್ದರೇನೋ, ಆ ಮನೆಯ ಸದ್ದೆಲ್ಲ ಜೀಪಿನೊಳಗೆ ಕೇಳುತ್ತಿತ್ತು.

ಎಲಾದಿಯೊ ಮೂಗೆಳೆದುಕೊಂಡ ಸದ್ದು ಬಂತು. ಆಮೇಲೆ ಅಂದ: "ಊಟ ಆಯ್ತಂತಮ್ಮಾ. ಇಬ್ರೂ ಚೆನ್ನಾಗಿದಾರಂತೆ."