ಭಾವನ ಮೂಳೆಗೊಂದು ಸ್ಟೇ ಆರ್ಡರ್

ಮನೆ ಒಡೆಯುವುದಕ್ಕೆ ಸ್ಟೇ ಕೊಟ್ಟರೆ ಮನೆ ಉಳಿಯುತ್ತದೋ, ಬೀಳುತ್ತದೋ? ಸುಲಭದ ಪ್ರಶ್ನೆ ಅಂದುಕೊಂಡಿರಾ? ಕಳೆದ ಮಂಗಳವಾರದಿಂದ ನನ್ನ ತಲೆ ಕೆಟ್ಟು ಕೂತಿದೆ.

ಒಂಟಿಕೊಪ್ಪಲಿನ ನಮ್ಮ ಭಾವನಿಗೆ (ಅಕ್ಕನ ಗಂಡ, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು) ಮೂಳೆಯೊಳಗಿನ ಮಜ್ಜೆಯಲ್ಲಿ ಕ್ಯಾನ್ಸರ್. ಹಳೆಯ ಔಷಧಿಗಳು ಕೈಕೊಟ್ಟಿವೆ. ಅವತ್ತು ಅಕ್ಕನೂ ನಾನೂ ಜೊತೆಗೆ ಹೋಗಿದ್ದಾಗ, ಹೊಸ ಇಂಜೆಕ್ಷನ್ ಬಂದಿದೆ, ಶುರು ಮಾಡೋಣವೇ ಎಂದರು ಡಾಕ್ಟರು. ಭಾವ ಸುಮ್ಮನೆ ತಲೆಯಾಡಿಸುವ ಪೈಕಿಯೇ? "ಅದು ಒಳಗೆ ಹೋಗಿ ಏನ್ಮಾಡುತ್ತೆ, ಮೊದಲು ಹೇಳಿ" ಅಂದರು.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಜೀವಕೋಶ ಸದಾ ಪ್ರೋಟೀನ್ ಕಟ್ಟುತ್ತಿರುತ್ತದೆ. ಕೆಟ್ಟದ್ದನ್ನು, ಹಳೆಯದನ್ನು ಒಡೆದುಹಾಕಲು ಒಳಗೇ ಎನ್‌ಜೈಮುಗಳಿವೆ. ಔಷಧಿಯ ಪುಟ್ಟ ಅಣು ಹೋಗಿ ಅವಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸಿಬಿಡುತ್ತದೆ.

"ಅಂದ್ರೆ ಡೆಮಾಲಿಷನ್‌ಗೆ ಸ್ಟೇ!" ಭಾವನ ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. "ಒಡೆಯೋದಕ್ಕೆ ಸ್ಟೇ ಕೊಟ್ರೆ ಕ್ಯಾನ್ಸರ್ ಮನೆ ಭದ್ರವಾಗಿ ಉಳ್ಕೊಳ್ಳುತ್ತಲ್ರೀ?"

"ಇಲ್ಲ ಸಾರ್, ಅದೇ ಬೀಳುತ್ತೆ. ಈ ಕ್ಯಾನ್ಸರ್ ಜೀವಕೋಶ ವಿಪರೀತ ಪ್ರೋಟೀನ್ ಕಟ್ಟುತ್ತೆ. ಒಡೆಯೋರು ಇಲ್ದಿದ್ರೆ ಕೆಟ್ಟದ್ದೆಲ್ಲ ಒಳಗೇ ತುಂಬ್ಕೊಂಡು ಸಾಯುತ್ತೆ."

ಸ್ಟೇ ಸಿಕ್ಕಿದವನೇ ಮಣ್ಣುಪಾಲಾಗುವ ಕೇಸನ್ನು ಭಾವ ತಮ್ಮ ಸರ್ವೀಸಿನಲ್ಲೇ ನೋಡಿಲ್ಲವಂತೆ. ಹಾಗಾದರೆ ಅರ್ಜಿದಾರ ಯಾರು? ಎದುರುದಾರ ಯಾರು? ಒಳ್ಳೆಯ ಜೀವಕೋಶಗಳ ಗತಿ ಏನು? (ಅವಕ್ಕೂ ಸ್ವಲ್ಪ ಪೆಟ್ಟು ಬೀಳುತ್ತದಂತೆ, ಕೈಕಾಲು ಜೋಮು ಹಿಡಿಯಬಹುದಂತೆ.) ನನಗೆ ಅರ್ಥವಾಯಿತು ಅನ್ನಿಸುವಷ್ಟರಲ್ಲಿ ಮತ್ತೆ ಗೋಜಲಾಗುತ್ತಿತ್ತು.

"ಪೂರ್ತಿ ವಾಸಿ ಆಗುತ್ತಾ?" ಭಾವ ಕೇಳಿದರು.

"ಸ್ವಲ್ಪ ಕಾಲ ತಡೆದಿಡಬಹುದು ಸಾರ್."

"ನೋಡಿದ್ರಾ! ಬರೀ ಸ್ಟೇ. ಕೇಸ್ ಗೆದ್ದಂಗಲ್ಲ. ಬೇಡ ಬುಡಿ." ಭಾವ ಎದ್ದೇ ನಿಂತರು.

ಅಕ್ಕ ಗಂಡನ ಷರ್ಟಿನ ತೋಳು ಹಿಡಿದೆಳೆದಳು. "ರೀ, ಕೆಸರೇಲಿ ಬಾಡಿಗೆದಾರ ಒಬ್ಬ ಮನೆ ಖಾಲಿ ಮಾಡ್ಸೋದಕ್ಕೆ ಸ್ಟೇ ತಂದು, ಮೊಮ್ಮಗಳ ಮದುವೇನೂ ಅದೇ ಮನೇಲಿ ಮಾಡ್ದ ಅಂತ ನೀವೇ ಅಲ್ವೇನ್ರೀ ಹೇಳಿದ್ದು? ನಂಗೂ ಅಂಥದ್ದೊಂದು ಸ್ಟೇ ಸಾಕು ಕಣ್ರೀ."

ಭಾವ ಮತ್ತೆ ಕೂತರು. "ಸರಿ ಡಾಕ್ಟ್ರೇ, ಕೊಡಿ ನಿಮ್ಮ ಸ್ಟೇ" ಅಂದರು. ನನಗೆ ಅಳು ಬಂತು.

ಮೂಳೆಯೊಳಗಿನ ಆ ಕಾನೂನು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ಕೋರ್ಟುಗಳಲ್ಲಿ ಒಂದು ಕೇಸು ಮುಗಿಯಲು ಒಂದು ಜನ್ಮ ಸಾಲದು ಎಂದು ಎಲ್ಲರಂತೆ ನಾನೂ ಗೊಣಗುವವನೇ. ಆದರೆ ದೇವರೇ, ಈ ಒಂದು ಕೇಸನ್ನು ಮಾತ್ರ ಮುಂದೂಡುತ್ತಲೇ ಇರಪ್ಪಾ!