ಶುಂಠಿ ಸೋಡಾಕ್ಕೊಂದು ಬಾಟಲಿ

ನಮ್ಮ ಮನೆಯವರಿಗೆ ಚಟ ಅಂತ ಇರುವುದು ಒಂದೇ. ಎಲೆಅಡಿಕೆಯನ್ನೂ ಮುಟ್ಟದ ಈ ನಿವೃತ್ತ ಸಂಸ್ಕೃತ ಮೇಷ್ಟ್ರು, ಶಿವಮೊಗ್ಗದ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಶುಂಠಿ, ಸಕ್ಕರೆ, ನೀರು ಬೆರೆಸಿ ಹುಳಿಯಲು ಇಡುತ್ತಾರೆ. ಅದು ನೊರೆಯೆದ್ದರೆ ಮೊಮ್ಮಗು ನಕ್ಕಷ್ಟೇ ಖುಷಿ.

ಹುಳಿಸುವುದು ಸುಲಭ, ಅದರಲ್ಲಿ ಹುಟ್ಟುವ ಗ್ಯಾಸನ್ನು ಹಿಡಿದಿಡುವುದೇ ಕಷ್ಟ. ಮುಚ್ಚಳ ಸಡಿಲವಾದರೆ ಗ್ಯಾಸು ಹೋಗುತ್ತದೆ, ಬಿಗಿಯಾದರೆ ಬಾಟಲಿಯೇ ಹೋಗುತ್ತದೆ. ಕಾಫಿ ಫ್ಲಾಸ್ಕಿಗೆ ಹಾಕಿದರು, ಕಾಫಿಯ ವಾಸನೆ ಬಂತು. ನನ್ನ ಬೆನ್ನುನೋವಿನ ಬಿಸಿನೀರಿನ ಚೀಲಕ್ಕೆ ತುಂಬಿದರು. ಚೀಲ ಚೆನ್ನಾಗಿಯೇ ಉಬ್ಬಿತು, ಕುಡಿದರೆ ಸೈಕಲ್ ಟ್ಯೂಬು. ಎಲ್ಲಿಂದಲೋ ಗೋಲಿಸೋಡಾ ಬಾಟಲಿ ತಂದು ತಲೆಕೆಳಗಾಗಿ ನಿಲ್ಲಿಸಿದರು. ಗೋಲಿಯನ್ನು ಒತ್ತಿ ಹಿಡಿಯುವಷ್ಟು ಗ್ಯಾಸು ಹುಟ್ಟುವ ಮೊದಲೇ ಸೋಡಾ ಎಲ್ಲ ನೆಲದ ಪಾಲು.

"ಪ್ಲಾಸ್ಟಿಕ್ ಸೋಡಾ ಬಾಟ್ಲಿ ಬಿದ್ದಿದೆಯಲ್ರೀ, ಗ್ಯಾಸಿಗೆ ಅಂತಾನೇ ಮಾಡಿದ್ದು," ಎಂದೆ.

"ಪಾತ್ರ ಅಂದ್ರೆ ಪಾತ್ರೆ ಅಂತಲೂ ಅರ್ಥ, ಯೋಗ್ಯ ಅಂತಲೂ ಅರ್ಥ. ಗುಜರಿ ಬಾಟ್ಲಿಗೆ ಎಲ್ಲಿಯ ಯೋಗ್ಯತೆ?" ಎಂದರು. ನಲವತ್ತು ಹುಡುಗರನ್ನು ಸುಮ್ಮನಾಗಿಸಿದ ಧ್ವನಿ ಅದು. ನಾನು ಆ ಬಾಟ್ಲಿಯನ್ನು ಮೂಲೆಗೇ ಎತ್ತಿಟ್ಟೆ.

ಅಷ್ಟರಲ್ಲಿ ಭದ್ರಾವತಿಯಿಂದ ಅವರ ಅಕ್ಕ ಸಾವಿತ್ರಕ್ಕನ ಫೋನು. ಜ್ವರ ಬಿಟ್ಟಿತ್ತು, ಊಟ ಸೇರುತ್ತಿರಲಿಲ್ಲ. ದಿನದಿನಕ್ಕೆ ಇಳಿದುಹೋಗುತ್ತಿದ್ದಾರೆಂದು ಅವರ ಸೊಸೆ ಅತ್ತಿದ್ದಳು. "ಬಾಯೆಲ್ಲ ಕಹಿ ಮಾರಾಯ. ನಿನ್ನ ಶುಂಠಿ ಸೋಡಾ ಆದ್ರೂ ತಗೊಂಡು ಬಾರೋ," ಎಂದರು ಸಾವಿತ್ರಕ್ಕ.

ಇವರು ಒಳ್ಳೆಯ ಗಾಜಿನ ಬಾಟಲಿಯೊಂದನ್ನು ಆರಿಸಿ ತುಂಬಿಟ್ಟರು. ಮರುದಿನ ಮಧ್ಯಾಹ್ನ ಅದು ಢಮ್ಮೆಂದು ಒಡೆದು, ಗಾಜಿನ ಚೂರು ಒಲೆಯವರೆಗೂ ಹಾರಿತು. ಪುಣ್ಯಕ್ಕೆ ನಾನು ಬಟ್ಟೆ ಒಣಹಾಕಲು ಹೊರಗೆ ಹೋಗಿದ್ದೆ. ಇವರ ಮುಖ ಬಿಳುಚಿಹೋಯಿತು. ಗಾಜು ಗುಡಿಸಿ, ಜಾಡಿಯಲ್ಲಿ ಉಳಿದಿದ್ದ ಶುಂಠಿ ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿದರು. ಮೊದಲು ಒತ್ತಿದರೆ ಮೆತ್ತಗಿತ್ತು. ಎರಡು ದಿನಕ್ಕೆ ಬೆರಳಿಗೆ ಬಗ್ಗದಷ್ಟು ಗಟ್ಟಿಯಾಯಿತು. ಒಳಗಿನ ಸಮಾಚಾರವನ್ನು ಬಾಟಲಿಯೇ ಹೇಳುತ್ತಿತ್ತು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎರಡೂ ಕೈಯಲ್ಲಿ ಅಪ್ಪಿಕೊಳ್ಳುತ್ತಿದ್ದರು. ನಮ್ಮ ಮಕ್ಕಳನ್ನು ಅವರು ಅಷ್ಟು ಜೋಪಾನವಾಗಿ ಎತ್ತಿಕೊಂಡದ್ದು ನನಗೆ ನೆನಪಿಲ್ಲ.

ಭದ್ರಾವತಿಯಲ್ಲಿ ಮುಚ್ಚಳವನ್ನು ಕೂದಲೆಳೆಯಷ್ಟೇ ತಿರುಗಿಸಿ ಗ್ಯಾಸು ಬಿಟ್ಟರು. ಬುಸ್ಸೆಂದಿತು. ಸಾವಿತ್ರಕ್ಕ ಅರ್ಧ ಲೋಟ ಕುಡಿದು ಕಣ್ಣು ಮುಚ್ಚಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಆಮೇಲೆ ಒಂದು ತೇಗು ಬಂತು ನೋಡಿ, ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ಸಾವಿತ್ರಕ್ಕ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸೊಸೆಗೆ ಹೇಳಿದರು:

"ಲೇ, ಚೂರು ಸಾರನ್ನ ಕಲಸ್ಕೊಡೇ."

ಇವರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ಶುಂಠಿ ಸಿಡೀತು ಕಣೇ," ಎಂದರು. ನಾನು ಹೇಳಿರಲಿಲ್ವಾ ಎನ್ನುವುದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಸಂಸಾರದಲ್ಲಿ ಗೆದ್ದ ದಿನವೇ ಬಾಯಿ ಮುಚ್ಚಿಕೊಂಡಿರಬೇಕು. ಸಾರು ಬಿಸಿಮಾಡಲು ನಾನೂ ಸೊಸೆಯ ಹಿಂದೆ ಒಳಗೆ ಹೋದೆ.